ಅಬ್ಬೂರಿನಿಂದ ಮಂಚನಬೆಲೆವರೆಗೆ: ನಾಲ್ಕು ತಾಲ್ಲೂಕುಗಳಲ್ಲಿ ಕವಿತೆ ಕಲಿತ ಬಗೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಆಸ್ಥಾನಕವಿಗಳ ಸೀಮೆಯಲ್ಲ. ಹಂಪೆ, ಮೈಸೂರುಗಳಂತೆ ಕವಿಗಳಿಗೆ ಆಶ್ರಯ ಕೊಟ್ಟ ದೊಡ್ಡ ರಾಜಧಾನಿ ಇಲ್ಲಿರಲಿಲ್ಲ. ಮಾಗಡಿ ಕೆಂಪೇಗೌಡರ ಮನೆತನದ ಹೆಸರಿನಲ್ಲಿ ‘ಗಂಗಾಗೌರೀ ವಿಲಾಸ’ ಎಂಬ ಯಕ್ಷಗಾನ ಕೃತಿಯೊಂದಿದೆ, ಅದೂ ತೆಲುಗಿನದು. ಆದರೂ ಇಲ್ಲಿ ಹುಟ್ಟಿದ, ಕಲಿತ ಅಥವಾ ಬಂದು ನೆಲೆಸಿದ ಕೆಲವರು ಕಾವ್ಯದ ದಾರಿಯನ್ನೇ ತಿರುಗಿಸಿದರು. ಶಾಸ್ತ್ರವನ್ನೂ ಗ್ರಂಥಭಾಷೆಯನ್ನೂ ಚೆನ್ನಾಗಿ ಓದಿಕೊಂಡವರೇ ಅವರೆಲ್ಲ. ಅವರಿಗೆ ಹೆಸರು ತಂದ ಪದ್ಯಗಳು ಮಾತ್ರ ಮನೆ, ಬೀದಿ, ಹೊಲಗಳ ಮಾತಿನಿಂದ ಬಂದವು.

ಇವರಲ್ಲಿ ಹಳಬ ಪಾಲ್ಕುರಿಕೆ ಸೋಮನಾಥ. ಸಂಸ್ಕೃತ, ತೆಲುಗು, ಕನ್ನಡ ಮೂರರಲ್ಲೂ ಬರೆದ ಈ ಶಿವಕವಿ ಕೊನೆಯ ದಿನಗಳನ್ನು ಕಳೆದು ಐಕ್ಯನಾದದ್ದು ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ ಎಂಬುದು ವೀರಶೈವ ಸಂಪ್ರದಾಯದ ನಂಬಿಕೆ. ಪಂಡಿತರು ಮೆಚ್ಚುವ ಸಂಸ್ಕೃತ ವೃತ್ತಗಳನ್ನು ಬದಿಗಿಟ್ಟು, ಜನ ಹಾಡಿಕೊಳ್ಳುತ್ತಿದ್ದ ದ್ವಿಪದಿಯಲ್ಲಿ ಅವನು ತೆಲುಗಿನ ಬಸವಪುರಾಣವನ್ನು ಬರೆದ. ಭೀಮಕವಿ ಅದನ್ನು 1369ರಲ್ಲಿ ಷಟ್ಪದಿಯ ಕನ್ನಡಕ್ಕೆ ತಂದ. ಅದಕ್ಕೆ ಒಂದು ವರ್ಷ ಹಿಂದೆ, 1368ರಲ್ಲಿ, ಜೈನರಿಗೂ ಶ್ರೀವೈಷ್ಣವರಿಗೂ ನಡೆದಿದ್ದ ಜಗಳವನ್ನು ಬುಕ್ಕರಾಯ ತೀರ್ಮಾನಿಸಿದ ಪ್ರಸಿದ್ಧ ಶಾಸನವೂ ಕಲ್ಯದಲ್ಲೇ ದೊರೆತಿದೆ. ಇಂದು ಸಣ್ಣ ಹಳ್ಳಿಯಾಗಿರುವ ಕಲ್ಯ ಆ ಕಾಲದಲ್ಲಿ ಹಲವು ಮತಗಳವರು, ಹಲವು ಭಾಷೆಯವರು ಕೂಡುತ್ತಿದ್ದ ಜಾಗ.

ಚನ್ನಪಟ್ಟಣದ ಹತ್ತಿರದ ಅಬ್ಬೂರಿನ ಕಥೆ ಇನ್ನೂ ಸಮೃದ್ಧವಾದುದು. 15ನೇ ಶತಮಾನದಲ್ಲಿ ಅದು ಮಾಧ್ವ ವಿದ್ಯಾಕೇಂದ್ರ. ಪುರುಷೋತ್ತಮತೀರ್ಥರ ಗುಹೆ, ಬ್ರಹ್ಮಣ್ಯತೀರ್ಥರ ಬೃಂದಾವನ ಇಂದಿಗೂ ಅಲ್ಲಿವೆ. ದಾಸಸಾಹಿತ್ಯಕ್ಕೆ ತಳಹದಿ ಹಾಕಿದ ಶ್ರೀಪಾದರಾಜರು ಹುಟ್ಟಿದ ಊರೂ ಅಬ್ಬೂರೇ. ಸಂಸ್ಕೃತದಲ್ಲಿ ‘ವಾಗ್ವಜ್ರ’ದಂಥ ಕಠಿಣ ಶಾಸ್ತ್ರಗ್ರಂಥ ಬರೆದವರು ಅವರು, ‘ರಂಗವಿಠಲ’ ಅಂಕಿತದಲ್ಲಿ ಗೋಪಿಯರ ಅಳಲನ್ನು ಕನ್ನಡದಲ್ಲಿ ಹಾಡಿದವರೂ ಅವರೇ. ನರಹರಿತೀರ್ಥರು ಕನ್ನಡದಲ್ಲಿ ಹಾಡು ಕಟ್ಟಿ ಬಹಳ ಕಾಲ ಕಳೆದಿತ್ತು, ಆ ದಾರಿಯಲ್ಲಿ ಹೆಚ್ಚು ಜನ ನಡೆದಿರಲಿಲ್ಲ. ಮಡಿಯ ಪೂಜಾಮಂದಿರದೊಳಗೆ ಕನ್ನಡದ ಹಾಡಿಗೆ ಜಾಗ ಮಾಡಿಕೊಟ್ಟದ್ದು ಅಂದಿನ ಪಂಡಿತವಲಯದಲ್ಲಿ ಸಣ್ಣ ಧೈರ್ಯವೇನಲ್ಲ.

ವಿದ್ಯಾರ್ಥಿಯೊಬ್ಬನ ಓದು ಹೇಗೆ ಕವಿತೆಯತ್ತ ಹೊರಳಿತು ಎಂಬುದಕ್ಕೆ ವ್ಯಾಸತೀರ್ಥರು ಒಳ್ಳೆಯ ಉದಾಹರಣೆ. ಬನ್ನೂರಿನ ಯತಿರಾಜ ಎಂಬ ಬಾಲಕ ಅಬ್ಬೂರಿನ ಬ್ರಹ್ಮಣ್ಯತೀರ್ಥರ ಶಿಷ್ಯನಾದ. 1475-76ರ ಬರಗಾಲದ ಹೊತ್ತಿಗೆ ಗುರುಗಳು ತೀರಿಕೊಂಡರು, ಎಳೆಯ ವಯಸ್ಸಿನಲ್ಲೇ ಪೀಠದ ಭಾರ ಹೆಗಲಿಗೆ ಬಿತ್ತು. ಆದರೆ ವ್ಯಾಸತೀರ್ಥರು ವಿದ್ಯಾರ್ಥಿಯಾಗಿಯೇ ಉಳಿದರು. ಕಂಚಿಗೆ ಹೋಗಿ ಷಡ್ದರ್ಶನಗಳನ್ನು ಓದಿದರು, ಆಮೇಲೆ ಮುಳಬಾಗಿಲಿಗೆ ಬಂದು ಶ್ರೀಪಾದರಾಜರ ಬಳಿ ವರ್ಷಗಟ್ಟಲೆ ಪಾಠ ಹೇಳಿಸಿಕೊಂಡರು. ಕಂಚಿಯ ತರ್ಕ ಅವರ ಸಂಸ್ಕೃತ ಗ್ರಂಥಗಳಿಗೆ ಹೋಯಿತು, ಮುಳಬಾಗಿಲಿನ ಹಾಡು ‘ಶ್ರೀಕೃಷ್ಣ’ ಅಂಕಿತದ ಕನ್ನಡ ಪದಗಳಿಗೆ ಬಂತು. ವಿಜಯನಗರದ ಅರಸರ ಗುರುವಾದ ಮೇಲೆ ಅವರ ಸುತ್ತ ದಾಸಕೂಟ ಬೆಳೆಯಿತು. ಪುರಂದರದಾಸರೂ ಕನಕದಾಸರೂ ಆ ಕೂಟದವರು.

ಚನ್ನಪಟ್ಟಣ ತಾಲ್ಲೂಕಿನ ದೊಡ್ಡಮಳೂರಿನಲ್ಲಿ, ಕಣ್ವಾ ನದಿಯ ಬಳಿಯ ಅಪ್ರಮೇಯಸ್ವಾಮಿ ಗುಡಿಯಲ್ಲಿ, ಅಂಬೆಗಾಲಿಕ್ಕುವ ಕೃಷ್ಣನ ಮೂರ್ತಿಯಿದೆ. ಯಶೋದೆ ಮಗುವನ್ನು ಆಡಿಸಿದ ಪ್ರಸಿದ್ಧ ಕೀರ್ತನೆಯನ್ನು ಪುರಂದರದಾಸರು ಈ ಮೂರ್ತಿಯೆದುರು ಹಾಡಿದರೆಂದು ಸ್ಥಳದವರು ಹೇಳುತ್ತಾರೆ. ಇದು ಶಾಸನದ ಮಾತಲ್ಲ, ಭಕ್ತರ ಮಾತು. ಆದರೂ ಗಮನಿಸತಕ್ಕದ್ದು, ಏಕೆಂದರೆ ಕವಿತೆಗೆ ಪ್ರೇರಣೆ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಈ ಸೀಮೆಯ ಜನ ಕೊಟ್ಟುಕೊಂಡ ಉತ್ತರ ಅದರಲ್ಲಿದೆ: ಕಣ್ಣೆದುರಿನ ರೂಪ, ಮನೆಯಲ್ಲಿ ಮಗು ಆಡಿಸುವ ತಾಯಿಯ ಮಾತು.

ಸಾಮಾನ್ಯ ಮನೆಯ ಹುಡುಗರಿಗೆ ಪದ್ಯದ ಪರಿಚಯವಾಗುತ್ತಿದ್ದುದು ಕೂಲಿಮಠದಲ್ಲಿ. ಊರಿನ ಗುಡಿಯ ಜಗಲಿಯಲ್ಲೋ ಮಠದ ಪಡಸಾಲೆಯಲ್ಲೋ ಐಗಳು ನಡೆಸುತ್ತಿದ್ದ ಶಾಲೆ ಇದು. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು ಮೊದಲ ಪಾಠ. ಕೈ ಕುದುರಿದ ಮೇಲೆ ಬಳಪ ಹಿಡಿದು ಕಡತದ ಮೇಲೆ ಬರೆಯಬೇಕು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಬಳಿದು ಮಡಿಸಿದ ಕಪ್ಪು ಪುಸ್ತಕವೇ ಕಡತ. ಕಾಗುಣಿತ, ಮಗ್ಗಿ, ಅಮರಕೋಶದ ಜೊತೆಗೆ ಜೈಮಿನಿ ಭಾರತದ ಪದ್ಯಗಳು ಬಾಯಿಪಾಠವಾಗಬೇಕಿತ್ತು. ಅರ್ಥ ಹೇಳುವ ಗೋಜಿಗೆ ಎಲ್ಲ ಐಗಳೂ ಹೋಗುತ್ತಿರಲಿಲ್ಲ. ಷಟ್ಪದಿಯ ಲಯ ಮಾತ್ರ ಕಿವಿಯಲ್ಲಿ ಉಳಿಯುತ್ತಿತ್ತು. ನವರಾತ್ರಿಯಲ್ಲಿ ಐಗಳು ಮಕ್ಕಳನ್ನು ಕರೆದುಕೊಂಡು ಮನೆಮನೆಗೆ ಹೋಗಿ ಮಾನೌಮಿಯ ಚೌಪದ ಹಾಡಿಸುತ್ತಿದ್ದರು, ಮನೆಯವರು ಕಾಣಿಕೆ ಕೊಡುತ್ತಿದ್ದರು. ಅದು ಐಗಳ ವರಮಾನ, ಹುಡುಗರಿಗೆ ಕೇಳುಗರ ಎದುರಿನ ಮೊದಲ ಪದ್ಯವಾಚನ. 1857ರಲ್ಲಿ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆ ಆರಂಭವಾಗಿ ಸರ್ಕಾರಿ ಶಾಲೆಗಳು ಹರಡಿದಂತೆ ಕೂಲಿಮಠಗಳು ನಿಧಾನವಾಗಿ ಮುಚ್ಚಿದವು.

ಶಾಲೆಯ ಮುಖ ಕಾಣದ ಹೆಣ್ಣುಮಕ್ಕಳ ಕಲಿಕೆ ಬೀಸುವ ಕಲ್ಲಿನ ಮುಂದೆ, ನಾಟಿಯ ಗದ್ದೆಯಲ್ಲಿ, ಮದುವೆಯ ಹಸೆಯ ಬಳಿ ನಡೆಯಿತು. ಹಿರಿಯಾಕೆ ಒಂದು ಸೊಲ್ಲು ಎತ್ತಿಕೊಟ್ಟರೆ ಉಳಿದವರು ಹಿಡಿದುಕೊಳ್ಳುವುದು, ಸಂದರ್ಭಕ್ಕೆ ತಕ್ಕಂತೆ ಹೆಸರು ಬದಲಿಸಿ ಹೊಸ ನುಡಿ ಸೇರಿಸುವುದು ಸೋಬಾನೆ ಪದಗಳ ಕ್ರಮ. ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕಾವ್ಯ ಹಾಡುವ ನೀಲಗಾರರು ರಾತ್ರಿಯಿಡೀ ಹಾಡುವಷ್ಟು ಕಥನವನ್ನು ಬರಹದ ನೆರವಿಲ್ಲದೆ ನೆನಪಿನಲ್ಲಿಟ್ಟುಕೊಂಡರು. ಅಲ್ಲಿನ ವಿದ್ಯಾರ್ಥಿ ಹಿಮ್ಮೇಳದವನು: ವರ್ಷಗಟ್ಟಲೆ ದನಿಗೂಡಿಸಿದ ಮೇಲೆಯೇ ಮುಂದಾಳಾಗಿ ಹಾಡುವ ಅವಕಾಶ.

1880ರ ದಶಕದ ಹೊತ್ತಿಗೆ ಬೆಂಗಳೂರು–ಮೈಸೂರು ರೈಲು ಚನ್ನಪಟ್ಟಣ, ರಾಮನಗರಗಳ ಮೂಲಕ ಓಡತೊಡಗಿ, ಎರಡು ನಗರಗಳ ಕಾಲೇಜುಗಳು ಈ ಊರುಗಳ ಹುಡುಗರಿಗೆ ಹತ್ತಿರವಾದವು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ 1919ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳ ನೇತೃತ್ವದಲ್ಲಿ ‘ಪ್ರಬುದ್ಧ ಕರ್ನಾಟಕ’ವನ್ನು ಹೊರಡಿಸಿತು. 1926ರಲ್ಲಿ ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಬಂತು. ಅದರ ಬಳಿಕ ಪದ್ಯ ಬರೆಯಲು ಹೊರಟ ವಿದ್ಯಾರ್ಥಿಗೆ ಕಂದ, ಷಟ್ಪದಿಗಳ ಹೊರಗೂ ದಾರಿಯಿದೆ ಎಂಬುದು ಖಚಿತವಾಯಿತು. ಕನಕಪುರದಲ್ಲಿ ಎಸ್. ಕರಿಯಪ್ಪನವರು ಕಟ್ಟಿದ ರೂರಲ್ ಎಜುಕೇಷನ್ ಸೊಸೈಟಿ ಮುಂದೆ ಹಳ್ಳಿಯ ಮಕ್ಕಳಿಗೆ ಊರಿನ ಹತ್ತಿರದಲ್ಲೇ ಕಾಲೇಜಿನವರೆಗೆ ಓದುವ ಅವಕಾಶ ತೆರೆಯಿತು.

ಆ ಕಾಲದ ವಿದ್ಯಾರ್ಥಿ ಕವಿಗಳಲ್ಲಿ ರಾಮನಗರದಲ್ಲಿ ಹುಟ್ಟಿದ ಜಿ.ಪಿ. ರಾಜರತ್ನಂ ಮುಖ್ಯರು. ಊರಿಗೆ ಆಗ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಶ್ರೀವೈಷ್ಣವ ಮನೆತನ, ಮೈಸೂರಿನಲ್ಲಿ ಕನ್ನಡ ಎಂ.ಎ., ಮುಂದೆ ಪಾಳಿ, ಬೌದ್ಧ, ಜೈನ ಸಾಹಿತ್ಯಗಳ ಆಳವಾದ ಅಭ್ಯಾಸ. ಇಷ್ಟು ಓದಿಕೊಂಡ ತರುಣ 1930ರ ದಶಕದಲ್ಲಿ ಬರೆದದ್ದು ಹೆಂಡಕುಡುಕ ರತ್ನನ ಪದಗಳನ್ನು. ಕವಿ ಸ್ವತಃ ಕುಡಿತದ ಹತ್ತಿರ ಸುಳಿದವರಲ್ಲ. ಆದರೆ ಹೆಂಡದಂಗಡಿಯ ಮುಂದೆ ಕೇಳುವ ನುಡಿ ಅವರ ಕಿವಿಗೆ ಬಿದ್ದಿತ್ತು. ಮಹಾಪ್ರಾಣ ಕಳಚಿದ, ಹಕಾರ ಬಿಟ್ಟ ಆ ಮಾತನ್ನು ನಗೆಹುಟ್ಟಿಸಲಿಕ್ಕಷ್ಟೇ ಬಳಸದೆ ಪ್ರೀತಿ, ಸಾವು, ದೇವರು, ಕನ್ನಡದ ಅಭಿಮಾನ ಎಲ್ಲವನ್ನೂ ಅದರಲ್ಲೇ ಹೇಳಿಸಿದರು. ಆ ಪದಗಳಲ್ಲಿ ಬರುವ ರತ್ನನ ಹೆಂಡತಿ ಪುಟ್ನಂಜಿ ಓದುಗರ ಮನೆಮಗಳಾದಳು. ಎಂ.ಎ. ಮುಗಿಸಿ ಶಿಶುವಿಹಾರದಲ್ಲಿ ಪಾಠ ಹೇಳುವಾಗ, ಪಠ್ಯದ ಪದ್ಯಗಳು ಮಕ್ಕಳಿಗೆ ಹಿಡಿಸದ್ದನ್ನು ಕಂಡು ತಾವೇ ಬರೆಯತೊಡಗಿದ ಶಿಶುಗೀತೆಗಳಿಂದ ‘ತುತ್ತೂರಿ’ ಹುಟ್ಟಿತು. ಕೆಲಸದ ತೊಡಕೇ ಪ್ರೇರಣೆಯಾದ ಇಂಥ ಪ್ರಸಂಗ ನವೋದಯದ ಇತಿಹಾಸದಲ್ಲಿ ವಿರಳ.

ರಾಜರತ್ನಂ ಅವರ ಇನ್ನೊಂದು ಕೆಲಸಕ್ಕೆ ಸಿಗಬೇಕಾದಷ್ಟು ಪ್ರಚಾರ ಸಿಕ್ಕಿಲ್ಲ. ಅಧ್ಯಾಪಕರಾಗಿ ಅವರು ವಿದ್ಯಾರ್ಥಿಗಳ ಬರಹವನ್ನು ತಿದ್ದಿ ಅಚ್ಚು ಹಾಕಿಸುವುದನ್ನೇ ವ್ರತವಾಗಿಸಿಕೊಂಡರು. ಅವರ ‘ವಿದ್ಯಾರ್ಥಿ ವಿಚಾರ ವಿಲಾಸ’ ಇದಕ್ಕೆಂದೇ ಮೀಸಲಾಗಿತ್ತು. ಹುಡುಗರ ಪದ್ಯ ಎಂದರೆ ಕಾಲೇಜು ವಾರ್ಷಿಕ ಸಂಚಿಕೆಯ ಪುಟ ತುಂಬಿಸುವ ಸರಕು ಎಂಬ ಉದಾಸೀನವನ್ನು ಅವರು ಒಪ್ಪಲಿಲ್ಲ. 1978ರಲ್ಲಿ ದೆಹಲಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದ ಅವರು ಮರುವರ್ಷ ತೀರಿಕೊಂಡರು.

ರಾಮದೇವರ ಬೆಟ್ಟದಲ್ಲಿ ಚಿತ್ರೀಕರಿಸಿದ ‘ಶೋಲೆ’ ತೆರೆಕಂಡದ್ದು 1975ರಲ್ಲಿ. ರಾಮನಗರವನ್ನು ಹೊರಗಿನವರು ನೆನೆಯುವುದು ಇಂದಿಗೂ ಆ ಚಿತ್ರದಿಂದಲೇ. ಅದೇ ವರ್ಷ ಮಾಗಡಿ ತಾಲ್ಲೂಕಿನ ಮಂಚನಬೆಲೆಯ ಸಿದ್ದಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಪ್ರಕಟವಾಯಿತು. 1954ರಲ್ಲಿ ಹುಟ್ಟಿದ ಕವಿಗೆ ಆಗ 21ರ ಪ್ರಾಯ. ಕನ್ನಡ ಕಾವ್ಯದ ಮಟ್ಟಿಗೆ ಆ ವರ್ಷದ ದೊಡ್ಡ ಘಟನೆ ಈ ತೆಳ್ಳನೆಯ ಪುಸ್ತಕವೇ.

ಆತ್ಮಕಥನ ‘ಊರುಕೇರಿ’ಯ ಆರಂಭದಲ್ಲಿ ಇಬ್ಬರು ಮನುಷ್ಯರ ಹೆಗಲಿಗೆ ನೊಗ ಕಟ್ಟಿ ಹೊಲ ಉಳುವ ದೃಶ್ಯವಿದೆ, ನೊಗ ಹೊತ್ತವರಲ್ಲಿ ಒಬ್ಬರು ಕವಿಯ ತಂದೆ. ಕುಟುಂಬ ಬೆಂಗಳೂರಿಗೆ ಬಂದ ಮೇಲೆ ಶ್ರೀರಾಂಪುರದ ಬದುಕು, ವಿದ್ಯಾರ್ಥಿನಿಲಯದ ಓದು. ಗದ್ದಲವಿಲ್ಲದ ಜಾಗ ಬೇಕೆಂದರೆ ಸ್ಮಶಾನಕ್ಕೆ ಹೋಗಿ ಕೂರುತ್ತಿದ್ದ ವಿದ್ಯಾರ್ಥಿ ಅವರು, ಆ ಪ್ರಸಂಗಗಳನ್ನು ನಗುನಗುತ್ತಲೇ ಬರೆದಿದ್ದಾರೆ. 1973ರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು ಬೂಸಾ ಎಂದದ್ದಕ್ಕೆ ಕಾಲೇಜುಗಳಲ್ಲಿ ಗಲಭೆ ಎದ್ದಾಗ ಸಿದ್ದಲಿಂಗಯ್ಯ ಸಚಿವರ ಪರ ನಿಂತ ದಲಿತ ವಿದ್ಯಾರ್ಥಿಗಳಲ್ಲಿ ಒಬ್ಬರು. ದಲಿತ ಸಂಘರ್ಷ ಸಮಿತಿಯ ಕಟ್ಟುವಿಕೆಯಲ್ಲೂ ಅವರಿದ್ದರು. ಅವರ ಪದ್ಯಗಳು ಪುಸ್ತಕದಲ್ಲಿ ಓದಿಸಿಕೊಳ್ಳುವ ಮೊದಲೇ ಮೆರವಣಿಗೆಗಳಲ್ಲಿ, ಕೇರಿಗಳಲ್ಲಿ ಹಾಡಿಸಿಕೊಂಡವು. ಅಕ್ಷರ ಬಾರದವರಿಗೂ ಅವು ಬಾಯಿಪಾಠವಾಗಿದ್ದವು. ಮುಂದೆ ಅವರು ಸಂಶೋಧನೆಗೆ ಆರಿಸಿಕೊಂಡ ವಿಷಯವೂ ಗ್ರಾಮದೇವತೆಗಳೇ. 2015ರಲ್ಲಿ ಶ್ರವಣಬೆಳಗೊಳದ ಸಮ್ಮೇಳನಕ್ಕೆ ಅಧ್ಯಕ್ಷರಾದರು, 2021ರಲ್ಲಿ ನಿಧನರಾದರು, ಮರುವರ್ಷ ಪದ್ಮಶ್ರೀ ಮರಣೋತ್ತರವಾಗಿ ಬಂತು.

ಇವರೆಲ್ಲ ಕಿವಿಗೊಟ್ಟ ಹಾಡುಗಳ ಪರಂಪರೆ ಒಂದೆಡೆ ಸಂಗ್ರಹವಾದದ್ದು ರಾಮನಗರದ ಬಳಿಯ ಜಾನಪದ ಲೋಕದಲ್ಲಿ. ಆಡಳಿತಾಧಿಕಾರಿಯಾಗಿದ್ದಾಗಲೂ ಹಳ್ಳಿಯ ಹಾಡುಗಳ ಬೆನ್ನು ಹತ್ತಿದ್ದ ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿ, 1994ರಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಯ ಪಕ್ಕದಲ್ಲಿ ಈ ಸಂಗ್ರಹಾಲಯವನ್ನು ತೆರೆದರು. ಬೀಸುವ ಕಲ್ಲು, ಒನಕೆ, ವಾದ್ಯ, ವೇಷಗಳ ಜೊತೆಗೆ ಹಾಡುಗಾರರ ದನಿಯ ಧ್ವನಿಮುದ್ರಣಗಳೂ ಅಲ್ಲಿವೆ. ಪ್ರವಾಸಿಗರು ಹೆಚ್ಚಾಗಿ ವಸ್ತುಗಳನ್ನು ನೋಡಿಕೊಂಡು ಹೊರಡುತ್ತಾರೆ. ಕವಿತೆ ಬರೆಯತೊಡಗಿದ ಈ ನಾಲ್ಕು ತಾಲ್ಲೂಕುಗಳ ವಿದ್ಯಾರ್ಥಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಆ ಧ್ವನಿಮುದ್ರಣಗಳು.