ಹಬ್ಬದ ಗಡುವು, ಮನೆಯ ಕುಸುರಿ

ಕರ್ನಾಟಕದ ಕರಕುಶಲ ಕಲೆಗಳ ಬಗ್ಗೆ ಬರೆಯುವವರು ಹಿಡಿಯುವ ದಾರಿ ಹೆಚ್ಚುಕಡಿಮೆ ಒಂದೇ. ಬೀದರಿನ ಬಿದ್ರಿ, ಚನ್ನಪಟ್ಟಣದ ಆಟಿಕೆ, ಕಿನ್ನಾಳದ ಮರದ ಗೊಂಬೆ, ಮೈಸೂರಿನ ಗಂಧದ ಕೆತ್ತನೆ ಎಂದು ಕಸಬುದಾರರ ಊರುಗಳನ್ನು ಸುತ್ತಿ ಬರುತ್ತಾರೆ. ಗೌರಿಹಬ್ಬದ ಹಿಂದಿನ ವಾರ ಹತ್ತಿ ಬಿಡಿಸಿ, ಎಳೆ ತೆಗೆದು, ನಡುನಡುವೆ ಹಾಲಿನಲ್ಲಿ ಕಲಸಿದ ಕುಂಕುಮ ತಾಗಿಸಿ ಮಾಡುವ ಗೆಜ್ಜೆವಸ್ತ್ರಕ್ಕೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಮದುವೆಯ ಆರತಿತಟ್ಟೆಗೂ, ಬಾಗಿನದ ಜೊತೆ ಕೊಡುವ ಕೆತ್ತಿದ ಕೊಬ್ಬರಿ ಬಟ್ಟಲಿಗೂ ಇಲ್ಲ. ಅವಕ್ಕೆ ಬೆಲೆ ಇರಲಿಲ್ಲ, ಮಾಡಿದವರ ಹೆಸರೂ ಇರಲಿಲ್ಲ. ಹಬ್ಬ ಮುಗಿದ ಮೇಲೆ ವಸ್ತುವೇ ಉಳಿಯುತ್ತಿರಲಿಲ್ಲ. ವಸ್ತುಸಂಗ್ರಹಾಲಯದವರು ಏನನ್ನು ತಾನೆ ಎತ್ತಿಡಬೇಕು?

ಹೀಗಿದ್ದೂ ಮನೆಗೆಂದು ಮನೆಯಲ್ಲೇ ಮಾಡುವ ಈ ಕೆಲಸಕ್ಕೆ ಒಂದು ಚರಿತ್ರೆ ಇದೆ. ಅದರ ಉದ್ದಕ್ಕೂ ಒಂದು ಸಂಗತಿ ಕಾಣುತ್ತದೆ: ಪಂಚಾಂಗ ದಿನ ಗೊತ್ತುಮಾಡಿಕೊಟ್ಟ ಕೆಲಸ ಬದುಕುತ್ತದೆ, ಬರೀ ಬಿಡುವಿಗೆ ಜೋತುಬಿದ್ದದ್ದು ಒಂದು ತಲೆಮಾರಿಗೆ ಮುಗಿಯುತ್ತದೆ.

ಮಲೆನಾಡಿನ ದೀವರ ಸಮುದಾಯದ ಹಸೆ ಚಿತ್ತಾರವನ್ನೇ ನೋಡಿ. ಸಾಗರ, ಸೊರಬದ ಸುತ್ತಿನ ಊರುಗಳಲ್ಲಿ ಮದುವೆ ಗೊತ್ತಾಯಿತೆಂದರೆ ಮನೆಯ ಗೋಡೆಗೆ ಕೆಮ್ಮಣ್ಣು ಬಳಿಯಬೇಕು. ಅಕ್ಕಿ ನೆನೆಸಿ ಅರೆದರೆ ಬಿಳಿ, ಅದೇ ಅಕ್ಕಿಯನ್ನು ಸೀಯುವಂತೆ ಹುರಿದು ಅರೆದರೆ ಕಪ್ಪು, ಗುರಿಗೆ ಕಾಯಿಯಿಂದ ಹಳದಿ. ಪುಂಡಿ ನಾರನ್ನು ಜಜ್ಜಿ ಕಟ್ಟಿದರೆ ಅದೇ ಕುಂಚ. ಬಣ್ಣದ ಅಂಗಡಿಯಿಂದ ತರಬೇಕಾದ್ದು ಏನೂ ಇಲ್ಲ. ಎಳೆ ಎಳೆಯಾಗಿ ಒಂದರ ಪಕ್ಕ ಒಂದು ಗೆರೆ ಎಳೆಯುತ್ತ ಚೌಕ ಮೂಡಿಸಿ, ಅದರೊಳಗೆ ದಂಡಿಗೆ, ಗಂಡು ಹೆಣ್ಣು, ತೆನೆ, ಹಕ್ಕಿ ತುಂಬುತ್ತಾರೆ. ವಧೂವರರು ಕೂರುವುದು ಈ ಗೋಡೆಯ ಮುಂದೆ. ಮಳೆಗಾಲ ಕಳೆದರೆ ಚಿತ್ತಾರ ಮಾಸುತ್ತದೆ. ಇನ್ನೊಂದು ಮದುವೆ ಬಂದಾಗ ಹೊಸದು ಬರೆದರಾಯಿತು.

ಇದೇ ಕೈಗಳು ಪ್ರತಿ ವರ್ಷ ಇನ್ನೊಂದು ಕೆಲಸವನ್ನೂ ಮಾಡುತ್ತವೆ. ಆಶ್ವಯುಜ ಮಾಸದ ಭೂಮಿ ಹುಣ್ಣಿಮೆಗೆ ಗದ್ದೆಯ ಬತ್ತ ಗಬ್ಬವಾಗಿರುತ್ತದೆ. ಬಸುರಿಗೆ ಬಯಕೆಯ ಊಟ ಬಡಿಸುವಂತೆ ಭೂಮಿಗೂ ಬಡಿಸಬೇಕು. ಬಗೆಬಗೆ ಸೊಪ್ಪು ತರಕಾರಿ ಬೇಯಿಸಿ ಮಾಡಿದ ಅಡುಗೆಯನ್ನು ಬೆಳಕು ಹರಿಯುವ ಮುನ್ನ ಗದ್ದೆಗೆ ಹೊತ್ತೊಯ್ಯಲು ಭೂಮಣ್ಣಿ ಬುಟ್ಟಿ ಬೇಕು. ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಮೇಲೆ ಕೆಮ್ಮಣ್ಣು ಹಚ್ಚಿ, ಒಣಗಿದ ಮೇಲೆ ಅಕ್ಕಿಹಿಟ್ಟಿನ ಎಳೆಗಳಲ್ಲಿ ಚಿತ್ತಾರ ತುಂಬುತ್ತಾರೆ. ದಸರೆಯ ಹೊತ್ತಿಗೇ ಶುರುವಾದ ಕೆಲಸ ಹುಣ್ಣಿಮೆಯ ಹಿಂದಿನ ರಾತ್ರಿಗೆ ಮುಗಿಯಲೇಬೇಕು. ಗೋಡೆಗಳು ಸಿಮೆಂಟಾಗಿ, ಮದುವೆಗಳು ಛತ್ರ ಸೇರಿದ ಮೇಲೆ ಗೋಡೆಯ ಚಿತ್ತಾರ ಸೊರಗಿತು. ಬುಟ್ಟಿಯ ಚಿತ್ತಾರ ಅಷ್ಟು ಸೊರಗಲಿಲ್ಲ. ಹುಣ್ಣಿಮೆಯನ್ನು ಛತ್ರಕ್ಕೆ ಸಾಗಿಸಲು ಬರುವುದಿಲ್ಲವಲ್ಲ! ಈಗ ಹಸೆಯ ವಿನ್ಯಾಸ ಕಾಗದ, ಬಟ್ಟೆ, ಬೆಂಗಳೂರಿನ ಹೋಟೆಲು ಗೋಡೆಗಳಿಗೂ ಹತ್ತಿದೆ. ಅಲ್ಲಿ ಅದು ಚೆಂದ ಕಾಣುತ್ತದೆ, ಆದರೆ ಅದು ಬೇರೆ ಬಾಳು.

ಬಯಲುಸೀಮೆಯ ಉತ್ತರಕ್ಕೆ ಹೋದರೆ ಮಣ್ಣು, ಸಗಣಿ, ಸಕ್ಕರೆ ಇವೇ ಸಾಮಗ್ರಿ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ದೀಪಾವಳಿಗೆ ಸಗಣಿಯ ಪಾಂಡವರು, ಗೌರಿ ಹುಣ್ಣಿಮೆಗೆ ಅಚ್ಚಿನಲ್ಲಿ ಎರೆದ ಸಕ್ಕರೆ ಆರತಿ. ಇವುಗಳಲ್ಲಿ ಕೈಚಳಕದ ಶಿಖರ ಸಂಕ್ರಾಂತಿಯ ಕುಸುರೆಳ್ಳು. ಸಣ್ಣ ಉರಿಯ ಮೇಲಿನ ಪಾತ್ರೆಯಲ್ಲಿ ಎಳ್ಳು ಹಾಕಿ, ಸಕ್ಕರೆ ಪಾಕವನ್ನು ತೊಟ್ಟು ತೊಟ್ಟಾಗಿ ಬಿಡುತ್ತ, ಬೆರಳಿನಲ್ಲೇ ಆಡಿಸುತ್ತ ದಿನಗಟ್ಟಲೆ ಕೂತರೆ ಒಂದೊಂದು ಕಾಳಿನ ಸುತ್ತಲೂ ಬಿಳಿ ಮುಳ್ಳು ಏಳುತ್ತದೆ. ಅದನ್ನು ದಾರದಲ್ಲಿ ಪೋಣಿಸಿ ಎಳೆಮಕ್ಕಳಿಗೂ ಹೊಸ ಮದುವಣಗಿತ್ತಿಗೂ ಸರ, ಬಳೆ, ತೋಳಬಂದಿ ಮಾಡಿ ತೊಡಿಸುವುದು ಬೆಳಗಾವಿ, ಧಾರವಾಡದ ಕಡೆಯ ರೂಢಿ. ಗಡಿಯಾಚೆಯ ಮರಾಠಿ ಮನೆಗಳದ್ದೂ ಇದೇ ಪದ್ಧತಿ. ಯಾರಿಂದ ಯಾರು ಕಲಿತರೆಂಬ ಜಗಳ ಈ ಸಿಹಿಗೆ ಬೇಡ. ಇಂದು ಕುಸುರೆಳ್ಳು ಅಂಗಡಿಯಿಂದ ಬರುತ್ತದೆ. ಆಭರಣವನ್ನು ಮಾತ್ರ ಇನ್ನೂ ಅನೇಕ ಮನೆಗಳಲ್ಲಿ ಕೈಯಾರೆ ಪೋಣಿಸುತ್ತಾರೆ.

ಮನೆಯ ಕೆಲಸ ಮಾರುಕಟ್ಟೆಗೆ ಹೋದಾಗ ಏನಾಗುತ್ತದೆಂದು ತಿಳಿಯಲು ಕಸೂತಿಗಿಂತ ಒಳ್ಳೆಯ ಉದಾಹರಣೆ ಸಿಗದು. ಧಾರವಾಡ ಸೀಮೆಯ ಹೆಣ್ಣುಮಗಳು ತನ್ನ ಮದುವೆಯ ಕರಿ ಚಂದ್ರಕಾಳಿ ಸೀರೆಗೆ, ಇಳಕಲ್ ಸೀರೆಯ ಸೆರಗಿಗೆ, ಕುಪ್ಪಸಕ್ಕೆ, ಕೂಸಿನ ಕುಲಾವಿಗೆ ಹಾಕುತ್ತಿದ್ದ ಹೊಲಿಗೆ ಅದು. ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವುದಿಲ್ಲ. ಹಾಸು ಹೊಕ್ಕಿನ ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ನಾಲ್ಕೇ ಬಗೆಯ ಹೊಲಿಗೆ: ಗವಂತಿ, ಮುರಗಿ, ನೇಗಿ, ಮೆಂತೆ. ಗವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಬೀಳುತ್ತದೆ, ಅದೇ ದಾರಿಯಲ್ಲಿ ಮರಳುವಾಗ ಬಿಟ್ಟ ಜಾಗ ತುಂಬುತ್ತದೆ. ಗಂಟು ಹಾಕುವಂತಿಲ್ಲ. ಮುಗಿದಾಗ ಬಟ್ಟೆಯ ಎದುರಿಗೂ ಹಿಂಬದಿಗೂ ವ್ಯತ್ಯಾಸ ಇರಬಾರದು. ಮುರಗಿಯದೂ ಇದೇ ಲೆಕ್ಕ, ಮೆಟ್ಟಿಲಿನಂತೆ ಏರಿ ಇಳಿಯುತ್ತದೆ. ಒಂದು ಎಳೆ ತಪ್ಪಿ ಎಣಿಸಿದರೆ ಮರಳುವ ದಾರಿ ಕೂಡುವುದಿಲ್ಲ, ಬಿಚ್ಚಬೇಕು. ಗೋಪುರ, ತೇರು, ತುಳಸಿ ಬೃಂದಾವನ, ಅಂಬಾರಿ ಹೊತ್ತ ಆನೆ, ತೊಟ್ಟಿಲು, ನವಿಲು: ಅಂಗಳದಿಂದ ಗುಡಿಯವರೆಗೆ ಕಂಡದ್ದೆಲ್ಲ ಸೆರಗಿಗೆ ಏರಿದೆ. ಶಾಲೆಯ ಗಣಿತ ಕಲಿಯದ ಹೆಂಗಸರು ಇಂಥ ಸಮಮಿತಿಯ ಲೆಕ್ಕವನ್ನು ತಲೆಯಲ್ಲೇ ಇಟ್ಟುಕೊಂಡಿದ್ದರು ಎಂಬುದಕ್ಕೆ ನಮ್ಮ ಶಿಕ್ಷಣದ ಚರಿತ್ರೆಯಲ್ಲಿ ಒಂದು ಅಧ್ಯಾಯವಾದರೂ ಇರಬೇಕಿತ್ತು.

ಸ್ವಾತಂತ್ರ್ಯದ ನಂತರ ಈ ಹೊಲಿಗೆಗೆ ಸರ್ಕಾರದ ಕಣ್ಣು ಬಿತ್ತು. ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಅವರ ಮುಂದಾಳತ್ವದಲ್ಲಿ 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಬಂತು. ಊರೂರಿನ ಕೈಕೆಲಸಕ್ಕೆ ಪಟ್ಟಣದ ಗಿರಾಕಿಯನ್ನು ಹುಡುಕಿಕೊಡುವ ಯೋಚನೆ ಅವರದು. ರಾಜ್ಯದಲ್ಲಿ 1964ರಲ್ಲಿ ಕರಕುಶಲ ಅಭಿವೃದ್ಧಿ ನಿಗಮ ಹುಟ್ಟಿ, ಕಾವೇರಿ ಮಳಿಗೆಗಳು ತೆರೆದವು. ಮುಂದೆ ಕಸೂತಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿತು. ಹೊಲಿಯುವವರಿಗೆ ಕೂಲಿ ಸಿಕ್ಕಿತು, ನಿಜ. ಆದರೆ ಎಳೆ ಎಣಿಸಲಾಗದ ನುಣುಪು ರೇಷ್ಮೆ, ಸಿಂಥೆಟಿಕ್ ಬಟ್ಟೆಗಳ ಮೇಲೂ ಕಸೂತಿ ಬೇಕೆಂದಾಗ, ಮೇಲೆ ಜಾಳಿಗೆಯಂಥ ಬಟ್ಟೆ ಹೊಂದಿಸಿ ಅದರ ಕಣ್ಣು ಎಣಿಸಿ ಹೊಲಿದು, ಕೊನೆಗೆ ಅದರ ದಾರಗಳನ್ನು ಒಂದೊಂದಾಗಿ ಎಳೆದು ತೆಗೆಯುವ ಉಪಾಯ ಹೊಳೆಯಿತು. ಆಮೇಲೆ ಕಂಪ್ಯೂಟರ್ ಕಸೂತಿಯ ಯಂತ್ರ ಬಂತು. ಸೀರೆ ತಿರುಗಿಸಿ ನೋಡಿದರೆ ಗುಟ್ಟು ಗೊತ್ತಾಗುತ್ತದೆ. ಗಿರಾಕಿಗಳು ಈಗ ತಿರುಗಿಸಿ ನೋಡುವುದನ್ನು ಬಿಟ್ಟಿದ್ದಾರೆ. ಸಂಡೂರಿನ ಲಂಬಾಣಿ ಕಸೂತಿಯದೂ ಇದೇ ಬಗೆಯ ಪಯಣ. ತಾಂಡಾದ ಹೆಣ್ಣುಮಕ್ಕಳು ತಮ್ಮ ಫೇಟಿಯಾ ಲಂಗ, ಕಾಂಚಳಿ ಕುಪ್ಪಸಕ್ಕೆ ಕನ್ನಡಿ, ಕವಡೆ ಸೇರಿಸಿ ಹೊಲಿದುಕೊಳ್ಳುತ್ತಿದ್ದದ್ದು ಭೌಗೋಳಿಕ ಸೂಚಿ ಪಡೆದು, 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆಯ ಹೊತ್ತಿಗೆ 1755 ತುಣುಕುಗಳ ಪ್ರದರ್ಶನವಾಗಿ ಗಿನ್ನೆಸ್ ದಾಖಲೆಗೂ ಸೇರಿತು.

ಹಬ್ಬದ ಗಡುವು ಇಲ್ಲದೆಯೂ ಉಳಿದದ್ದು ಕೌದಿ. ಹೊಟ್ಟೆಯೊಳಗಿನ ಕೂಸು, ಮುಂದೆ ಬರುವ ಚಳಿ ಇವೇ ಅದಕ್ಕೆ ಗಡುವು ಅನ್ನಬಹುದೇನೋ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಿನ, ಆಫ್ರಿಕ ಮೂಲದ ಸಿದ್ದಿ ಹೆಂಗಸರು ಹಳೆ ಸೀರೆಯ ತಳದ ಮೇಲೆ ಹರಕು ಬಟ್ಟೆಗಳ ತುಂಡು ಜೋಡಿಸಿ, ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ಒಳಕ್ಕೆ ಬರುತ್ತಾರೆ. ನಾಲ್ಕೂ ಮೂಲೆಗೆ ಮಡಿಸಿದ ತ್ರಿಕೋನದ ‘ಫೂಲ’ ಇಡದಿದ್ದರೆ ಕೌದಿ ಮುಗಿದಂತಲ್ಲ. ಆಫ್ರಿಕನ್ ಕಲೆಯ ವಿದ್ವಾಂಸ ಹೆನ್ರಿ ಡ್ರೂವಲ್ ಇವನ್ನು ಕಂಡು ಅಮೆರಿಕಕ್ಕೆ ಕೊಂಡೊಯ್ದರು; 2004ರಲ್ಲಿ ಸಿದ್ದಿ ಮಹಿಳೆಯರ ಕೌದಿ ಸಹಕಾರ ಸಂಘ ಕಟ್ಟಲು ನೆರವಾದರು. ಮನೆಯವರು ಉಟ್ಟು ಹರಿದ ಸೀರೆ ಅಮೆರಿಕದ ಗ್ಯಾಲರಿಯ ಗೋಡೆಗೆ ಏರಿತು.

ಇನ್ನೊಂದು ಕವಲು ಶಾಲೆಯಿಂದ ಬಂದದ್ದು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರಂಥ ಮಿಷನರಿಗಳ ಹೆಣ್ಣುಮಕ್ಕಳ ಶಾಲೆಗಳಲ್ಲಿ ಓದು ಬರಹದ ಜೊತೆ ಹೊಲಿಗೆ, ಹೆಣಿಗೆಯೂ ಪಾಠವಾಯಿತು. ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಕೈಕಸುಬನ್ನೇ ಶಿಕ್ಷಣದ ನಡುಮಧ್ಯಕ್ಕೆ ತಂದರು. ಈಶ್ವರಭಾಯಿ ಪಟೇಲ್ ಸಮಿತಿ 1977ರಲ್ಲಿ ಶಿಫಾರಸು ಮಾಡಿದ ಎಸ್‌ಯುಪಿಡಬ್ಲ್ಯು (ಸಮಾಜೋಪಯೋಗಿ ಉತ್ಪಾದಕ ಕೆಲಸ) ತರಗತಿಯಲ್ಲಿ ಒಂದು ಪೀರಿಯಡ್ ಹಿಡಿಯಿತು. ಗಾಂಧಿಯ ಕನಸು ಐಸ್‌ಕ್ರೀಮ್ ಕಡ್ಡಿಯ ಪೆನ್ ಸ್ಟ್ಯಾಂಡಿಗೆ ಬಂದು ನಿಂತದ್ದು ಹೀಗೆ. ಇದು ವ್ಯಂಗ್ಯವೆಂದು ತಳ್ಳಿಹಾಕುವಂತೆಯೂ ಇಲ್ಲ. ಅಂಟು, ಕತ್ತರಿ, ಸೂಜಿ ಗಂಡುಹುಡುಗರ ಕೈಗೂ ಬಂದದ್ದು ಅಲ್ಲೇ.

ಶಾಲೆಯ ಪಾಠಕ್ಕೆ ಪತ್ರಿಕೆ ಜೊತೆಯಾಯಿತು. 1965ರಲ್ಲಿ ಶುರುವಾದ ‘ಸುಧಾ’ ಮತ್ತು ಆಮೇಲೆ ಬಂದ ವಾರಪತ್ರಿಕೆಗಳ ಮಹಿಳಾ ಪುಟಗಳಿಂದ ರಂಗೋಲಿ, ಸ್ವೆಟರಿನ ಮಾದರಿಗಳನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಂಡ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಮಹಿಳಾ ಸಮಾಜಗಳಲ್ಲಿ ಬೇಸಿಗೆಯ ತರಗತಿಗಳು ನಡೆಯುತ್ತಿದ್ದವು. ಆಗ ಬಂದದ್ದೇ ನಾನು ಷೋಕೇಸ್ ಯುಗವೆಂದು ಕರೆಯುವ ಕಾಲ: ಎಪ್ಪತ್ತರ ದಶಕದಿಂದ ತೊಂಬತ್ತರವರೆಗೆ. ಮಧ್ಯಮವರ್ಗದ ನಡುಮನೆಯಲ್ಲಿ ಗಾಜಿನ ಬಾಗಿಲಿನ ಕಪಾಟು. ಅದರೊಳಗೆ ಮಣಿಯ ಮೊಲ, ತೆಂಗಿನ ಚಿಪ್ಪಿನ ಮಂಗ, ಉಲ್ಲನ್ನಿನ ನಾಯಿಮರಿ. ಗೋಡೆಗೆ ಕಟ್ಟು ಹಾಕಿಸಿದ ಜೋಡಿ ಗಿಳಿ. ಟಿವಿಗೆ, ರೇಡಿಯೊಗೆ, ಕೊನೆಗೆ ಟೆಲಿಫೋನಿಗೂ ಕ್ರೋಷಾದ ಹೊದಿಕೆ. ಬಾಗಿಲಿಗೆ ಸ್ಟ್ರಾ ಕತ್ತರಿಸಿ ಪೋಣಿಸಿದ ಪರದೆ. ಸಂತೆಗೆ ಹೋಗಲು ಪ್ಲಾಸ್ಟಿಕ್ ವೈರಿನ ಬುಟ್ಟಿ.

ಈ ಕಾಲವನ್ನು ನೋಡಿ ನಗುವುದು ಸುಲಭ. ರುಚಿಯ ಪ್ರಶ್ನೆ ಆಚೆಗಿರಲಿ, ಇಲ್ಲಿ ನಡೆದ ಬದಲಾವಣೆ ದೊಡ್ಡದು. ಅಕ್ಕಿ, ಮಣ್ಣು, ಹಳೆ ಬಟ್ಟೆಯ ಬದಲು ಆಂಕರ್ ದಾರ, ನೈಲಾನ್, ವೈರು, ಥರ್ಮೋಕೋಲು ಬಂದವು. ಸಾಮಗ್ರಿಗೆ ದುಡ್ಡು ಕೊಡಬೇಕಾಯಿತು. ಜಾತಿ, ಊರು, ಕುಲಾಚಾರದ ಹಂಗಿಲ್ಲದೆ ಯಾರು ಯಾರಿಂದ ಬೇಕಾದರೂ ಕಲಿಯಬಹುದಾಯಿತು. ದೀವರ ಹಸೆ ದೀವರದು, ತಾಂಡಾದ ಹೊಲಿಗೆ ತಾಂಡಾದ್ದು. ವೈರಿನ ಬುಟ್ಟಿ ಎಲ್ಲರದು. ಮದುವೆಗೆ ಕಾಯುತ್ತ ಮನೆಯಲ್ಲಿದ್ದ ಪಿಯುಸಿ ಓದಿದ ಹುಡುಗಿಗೆ ಅದು ಹೊತ್ತು ಕಳೆಯುವ ದಾರಿಯೂ ಆಗಿತ್ತು, ಹೆಣ್ಣು ನೋಡಲು ಬಂದವರ ಮುಂದೆ ಇಡುವ ಯೋಗ್ಯತಾಪತ್ರವೂ ಆಗಿತ್ತು. ಆ ಹುಡುಗಿಯರ ಮಕ್ಕಳು ಕೆಲಸಕ್ಕೆ ಹೊರಟರು, ಟಿವಿ ಚಪ್ಪಟೆಯಾಗಿ ಗೋಡೆಗೆ ಅಂಟಿತು, ಕ್ರೋಷಾ ಹೊದಿಕೆ ಅಟ್ಟ ಸೇರಿತು. ಯಾವ ತಿಥಿಯೂ ಅದನ್ನು ಬೇಡುತ್ತಿರಲಿಲ್ಲ.

ಅದೇ ವರ್ಷಗಳಲ್ಲಿ ಹಳೆ ಮೈಸೂರಿನ ದಸರಾ ಗೊಂಬೆ ಕೂರಿಸುವ ಪದ್ಧತಿಗೆ ಏನಾಯಿತು ನೋಡಿ. ರಕ್ತಚಂದನದ ರಾಜ ರಾಣಿಯರ ಪಟ್ಟದ ಗೊಂಬೆ ತವರಿನಿಂದ ಮಗಳ ಜೊತೆ ಬರುತ್ತದೆ. ಅವಕ್ಕೆ ಸೀರೆ, ಪೇಟ, ಮಣಿಸರ ಹೊಂದಿಸಿ ಹೊಸದಾಗಿ ಅಲಂಕರಿಸುವುದು ಮನೆಯವರ ಕೆಲಸ. ಹಂತಗಳ ಮುಂದೆ ಮಕ್ಕಳ ಪಾರ್ಕು: ತಟ್ಟೆಯ ಮಣ್ಣಿಗೆ ಹಬ್ಬಕ್ಕೆ ಮೊದಲೇ ರಾಗಿ, ಸಾಸಿವೆ ಚೆಲ್ಲಿದರೆ ಪಾಡ್ಯದ ಹೊತ್ತಿಗೆ ಹಸಿರು ಹುಲ್ಲುಹಾಸು ಸಿದ್ಧ. ಕಾಗದ ಮುದುರಿ ಮಾಡಿದ ಚಾಮುಂಡಿ ಬೆಟ್ಟ, ಕನ್ನಡಿ ಚೂರಿನ ಕೆರೆ. ಆಮೇಲೆ ಇದರೊಳಗೆ ಕ್ರಿಕೆಟ್ ಮೈದಾನ ಬಂತು, ಮೆಟ್ರೊ ಬಂತು, ಚಂದ್ರಯಾನವೂ ಬಂತು. ಷೋಕೇಸ್ ಯುಗದ ಥರ್ಮೋಕೋಲು, ಮಣಿಕೆಲಸ ಕಪಾಟಿನಿಂದ ಇಳಿದು ಇಲ್ಲಿ ಕೆಲಸ ಕಂಡುಕೊಂಡವು. ನ್ಯೂಜೆರ್ಸಿಯ, ಕ್ಯಾಲಿಫೋರ್ನಿಯದ ಕನ್ನಡದ ಮನೆಗಳಲ್ಲಿ ರಟ್ಟಿನ ಡಬ್ಬಗಳ ಮೇಲೆ ಪಂಚೆ ಹಾಸಿ ಹಂತ ಕಟ್ಟುತ್ತಾರೆ.

ಇವತ್ತಿನ ಕೈಕೆಲಸದ ಬಿರುಸು ನೋಡಬೇಕೆಂದರೆ ಶ್ರಾವಣದ ಎರಡನೇ ಶುಕ್ರವಾರದ ಹಿಂದಿನ ದಿನಗಳನ್ನು ನೋಡಬೇಕು. ವರಮಹಾಲಕ್ಷ್ಮಿ ವ್ರತಕ್ಕೆ ಕಳಶವಿಟ್ಟು, ರವಿಕೆ ಕಣವನ್ನು ಶಂಕುವಿನಾಕಾರಕ್ಕೆ ಮಡಿಸಿ ಇಡುವುದೇ ಬಹಳ ಮನೆಗಳಲ್ಲಿ ಸಾಕಾಗಿತ್ತು. ಈಗ ಬಿಂದಿಗೆಯ ಮೇಲೆ ಬಿಂದಿಗೆ ಇಟ್ಟು, ಕೋಲು ಕಟ್ಟಿ ತೋಳು ಮಾಡಿ, ಕತ್ತರಿ ಸೋಕಿಸದೆ ಪೂರಾ ಸೀರೆಯನ್ನು ನೆರಿಗೆ ಹಿಡಿದು ಉಡಿಸುತ್ತಾರೆ. ಬೆಳ್ಳಿಯ ಮುಖ, ಉದ್ದ ಜಡೆ, ಕಮಲದ ಮೊಗ್ಗಿನ ಎಸಳು ಮಡಿಸಿ ಮಾಡಿದ ಹೂವು, ಬೆನ್ನಿಗೆ ಬಾಳೆಲೆಯ ಹಿನ್ನೆಲೆ. ಕನ್ನಡದಲ್ಲಿ ಇದನ್ನು ಕಲಿಸುವ ಯೂಟ್ಯೂಬ್ ವೀಡಿಯೊಗಳಿಗೆ ಲೆಕ್ಕವಿಲ್ಲ. ನೆರಿಗೆ ಜಾರದಂತೆ ಕ್ಲಿಪ್ಪು ಎಲ್ಲಿ ಹಾಕಬೇಕು, ಹಿಂದಿನ ರಾತ್ರಿಯೇ ಇಸ್ತ್ರಿ ಮಾಡಿ ಮಡಿಸಿಡುವುದು ಹೇಗೆ ಎಂಬ ಸೂಕ್ಷ್ಮಗಳನ್ನೆಲ್ಲ ಹೇಳಿಕೊಡುತ್ತಾರೆ. ಇದನ್ನು ಆಡಂಬರ ಎಂದು ಮೂಗು ಮುರಿಯುವವರಿದ್ದಾರೆ. ಫೋಟೊ ಹಾಕುವ ಹಂಬಲ ಇದರ ಹಿಂದೆ ಇಲ್ಲವೆಂದು ನಾನೂ ಹೇಳಲಾರೆ. ಆದರೂ ಒಂದೆರಡು ದಶಕಗಳಲ್ಲಿ ಹೊಸದೊಂದು ಮನೆಗೆಲಸದ ಕಲೆ ಹೀಗೆ ಹಬ್ಬಿದ್ದು ಕಸೂತಿಯ ಕಾಲದಲ್ಲಿ ಸಾಧ್ಯವಿರಲಿಲ್ಲ.

ಅದೇ ವಾರ ಬೆಂಗಳೂರಿನ ಗಾಂಧಿಬಜಾರಿನಲ್ಲಿ, ಮಲ್ಲೇಶ್ವರದಲ್ಲಿ ಸಿದ್ಧ ಗೆಜ್ಜೆವಸ್ತ್ರ, ಕೆತ್ತಿದ ಕೊಬ್ಬರಿ, ಅಲಂಕಾರದ ಆರತಿತಟ್ಟೆ ಮಾರಾಟಕ್ಕೆ ಬರುತ್ತವೆ. ಇವನ್ನು ಮಾಡುವವರಲ್ಲಿ ಬಹುಪಾಲು ಹೆಂಗಸರು, ಮಾಡುವುದು ತಮ್ಮ ಮನೆಗಳಲ್ಲೇ. ಹೊತ್ತಿಲ್ಲದ ಮನೆಗಳಿಗಾಗಿ ಹೊತ್ತಿರುವ ಮನೆಗಳು ದುಡಿಯುತ್ತವೆ. ಅದರ ಬೆನ್ನಿಗೇ ಮಣ್ಣಿನ ಗಣಪತಿ ಮಾಡುವ ಶಿಬಿರಗಳು ಶುರುವಾಗುತ್ತವೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿಗಳು ಬೇಡವೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಮಾರ್ಗಸೂಚಿಯಲ್ಲಿ ಹೇಳಿದ ಮೇಲೆ ಇವಕ್ಕೆ ಇನ್ನಷ್ಟು ಬಲ ಬಂದಿದೆ. ಅಪಾರ್ಟ್‌ಮೆಂಟಿನ ಸಭಾಂಗಣದಲ್ಲಿ ಮಕ್ಕಳ ಪಕ್ಕ ಅಪ್ಪಂದಿರೂ ಮಣ್ಣು ಮಿದಿಯಲು ಕೂರುತ್ತಾರೆ. ಸೊಂಡಿಲು ಒಣಗುವಾಗ ಬಿರುಕು ಬಿಟ್ಟರೆ ಒದ್ದೆ ಬೆರಳಿನಿಂದ ತೀಡಿ ಸರಿಮಾಡುತ್ತಾರೆ, ಇನ್ನೂ ಕೂಡದಿದ್ದರೆ ತಿರುಗಿ ಮಿದಿಯುತ್ತಾರೆ. ಚೌತಿಯ ಬೆಳಿಗ್ಗೆಯೊಳಗೆ ಹೇಗಾದರೂ ಒಣಗಬೇಕು.