ಹೊಸ ಕುಲುಮೆಯ ಊರು

ಒಂದು ದೇಶದ ಚರಿತ್ರೆಯನ್ನು ಅರಸರ ಪಟ್ಟಾಭಿಷೇಕಗಳಿಂದಲೂ ಯುದ್ಧಗಳಿಂದಲೂ ತಿಳಿಯುವುದು ವಾಡಿಕೆ. ಆದರೆ ಸಣ್ಣ ಹಳ್ಳಿಯೊಂದರ ಹೆಸರೂ ಕೆಲವು ವೇಳೆ ಅಷ್ಟೇ ವಿಶದವಾಗಿ ಚರಿತ್ರೆಯನ್ನು ಹೇಳುವುದುಂಟು. ಹಂಗೇರಿಯ ಈಶಾನ್ಯಭಾಗದಲ್ಲಿ, ಮಿಷ್ಕೋಲ್ತ್ಸ್ ನಗರದ ಪಶ್ಚಿಮಕ್ಕೆ, ಬ್ಯುಕ್ ಎಂಬ ಬೆಟ್ಟಸಾಲು ಇದೆ. ಆ ದೇಶದ ಭಾಷೆಯಲ್ಲಿ ಬ್ಯುಕ್ ಎಂದರೆ ಬೀಚ್ ಎಂಬ ಮರ; ಬೆಟ್ಟದ ಮೇಲೆಲ್ಲ ಅದೇ ಮರದ ಕಾಡು. ಅದರ ನಡುವೆ, ಸುಮಾರು 2,000 ಅಡಿ ಎತ್ತರದಲ್ಲಿ, ಬ್ಯುಕ್‌ಸೆಂಟ್‌ಕೆರೆಸ್ಟ್ ಎಂಬ ಗ್ರಾಮವುಂಟು. ಪವಿತ್ರ ಶಿಲುಬೆಯನ್ನು ಸೂಚಿಸುವ ಈ ಹೆಸರು ಬಂದದ್ದು 20ನೆಯ ಶತಮಾನದಲ್ಲಿ. ಅದಕ್ಕೆ ಮೊದಲು ಊರಿನ ಹೆಸರು ಊಯ್‌ಹುತಾ, ಎಂದರೆ ಹೊಸ ಕುಲುಮೆ. ನೆರೆಯ ಇನ್ನೊಂದು ಊರು ಓಹುತಾ, ಎಂದರೆ ಹಳೆಯ ಕುಲುಮೆ. ಈ ಕುಲುಮೆಗಳಲ್ಲಿ ಕರಗುತ್ತಿದ್ದುದು ಗಾಜು. ಅವುಗಳ ಸುತ್ತ ನೆಲೆಸಿದವರಲ್ಲಿ ಬಹುಮಂದಿ ಸ್ಲೊವಾಕರು. ಬೇರೆ ನುಡಿಯ ಈ ಜನ ಇಲ್ಲಿಗೆ ಏಕೆ ಬಂದರು, ಕುಲುಮೆ ಆರಿದ ಮೇಲೂ ಹೇಗೆ ಉಳಿದರು ಎಂಬುದನ್ನು ನಾವು ಈಗ ಪರಿಶೀಲಿಸೋಣ.

1526ರಲ್ಲಿ ಮೊಹಾಚ್ ಕದನದಲ್ಲಿ ಹಂಗೇರಿಯ ದೊರೆ ತುರ್ಕರಿಗೆ ಸೋತು ಮಡಿದನು. ಮುಂದೆ ಸುಮಾರು ಒಂದೂವರೆ ಶತಮಾನ ಆ ರಾಜ್ಯದ ನಡುಭಾಗ ತುರ್ಕರ ವಶದಲ್ಲಿದ್ದಿತು. ಬ್ಯುಕ್ ಬೆಟ್ಟಗಳ ಬುಡದ ಎಗರ್ ಕೋಟೆ 1596ರಲ್ಲಿ ಬಿದ್ದು, 1687ರಲ್ಲಿ ಮರಳಿ ಬಂದಿತು. ಅದಾದ ಮೇಲೆ 1703ರಿಂದ 1711ರವರೆಗೆ ಹ್ಯಾಬ್ಸ್‌ಬರ್ಗ್ ದೊರೆಗಳ ವಿರುದ್ಧ ರಾಕೋತ್ಸಿಯ ದಂಗೆ. ಶಾಂತಿ ನೆಲಸಿದಾಗ ಎಷ್ಟೋ ಹಳ್ಳಿಗಳು ಪಾಳುಬಿದ್ದಿದ್ದುವು. ಜಹಗೀರುಗಳಿಗೆ ಭೂಮಿಯಿದ್ದಿತು, ದುಡಿಯುವ ಕೈಗಳಿರಲಿಲ್ಲ. ಉತ್ತರದ ಬೆಟ್ಟಸೀಮೆಯಲ್ಲಿ ಸ್ಲೊವಾಕರಿಗೆ ಕೈಗಳಿದ್ದುವು, ಸಾಕಷ್ಟು ಭೂಮಿಯಿರಲಿಲ್ಲ. ಆ ಸೀಮೆಯೂ ಆಗ ಹಂಗೇರಿಯ ರಾಜ್ಯಕ್ಕೇ ಸೇರಿದ್ದುದರಿಂದ ಅವರು ದಕ್ಷಿಣಕ್ಕಿಳಿಯುವಾಗ ಯಾವ ಗಡಿಯನ್ನೂ ದಾಟಬೇಕಾಗಿರಲಿಲ್ಲ. ಅವರೊಡನೆ ಕೆಲವರು ಪೋಲರೂ ಜರ್ಮನರೂ ಬಂದರು.

ಬೆಟ್ಟದ ಮೇಲೆ ಉಳುವ ನೆಲ ಸ್ವಲ್ಪ, ಕಾಡು ಅಪಾರ. ಕಾಡನ್ನು ಹಣವಾಗಿಸುವ ಉಪಾಯಗಳಲ್ಲಿ ಗಾಜು ಮುಖ್ಯವಾದುದು. ಬೆಣಚುಕಲ್ಲನ್ನು ಕಾಯಿಸಿ, ಕುಟ್ಟಿ ಪುಡಿಮಾಡುವರು. ಅದು ಸುಲಭವಾಗಿ ಕರಗುವುದಕ್ಕೆ ಕ್ಷಾರ ಬೇಕು. ಬೀಚ್ ಮರದ ಬೂದಿಯನ್ನು ನೀರಿನಲ್ಲಿ ಕಲಸಿ, ಸೋಸಿ, ಆ ನೀರನ್ನು ಬತ್ತಿಸಿದರೆ ಪೊಟ್ಯಾಷ್ ಎಂಬ ಕ್ಷಾರ ದೊರೆಯುತ್ತದೆ. ಬಂಡಿಗಟ್ಟಲೆ ಸೌದೆ ಸುಟ್ಟರೂ ಕೈಗೆ ಬರುವ ಪೊಟ್ಯಾಷ್ ಬಹಳ ಸ್ವಲ್ಪ. ಹೀಗೆ ಗಾಜಿನ ಕೆಲಸದಲ್ಲಿ ಕುಲುಮೆಯ ಉರಿಗಿಂತಲೂ ಬೂದಿಗಾಗಿಯೇ ಹೆಚ್ಚು ಮರ ವ್ಯಯವಾಗುತ್ತಿದ್ದಿತು. ಆದುದರಿಂದ ಸೌದೆಯನ್ನು ದೂರದಿಂದ ಕುಲುಮೆಗೆ ಹೊತ್ತು ತರುವುದಕ್ಕಿಂತ ಕುಲುಮೆಯನ್ನೇ ಕಾಡಿನ ಬಳಿಗೆ ಒಯ್ಯುವುದು ಲಾಭಕರವಾಗಿ ಕಂಡಿತು.

ಊರುಗಳ ಹೆಸರಿನ ಅರ್ಥ ಇಲ್ಲಿ ಸ್ಪಷ್ಟವಾಗುತ್ತದೆ. ದಿಯೋಶ್‌ಗ್ಯೋರ್ ಜಹಗೀರಿನ ಕಾಡಿನಲ್ಲಿ 18ನೆಯ ಶತಮಾನದ ಆದಿಭಾಗದಲ್ಲಿ ಮೊದಲನೆಯ ಕುಲುಮೆ ಹೊತ್ತಿತು. ಸುತ್ತಣ ಮರ ತೀರಿದ ಮೇಲೆ, ಶತಮಾನದ ನಡುವೆ, ಇನ್ನೂ ಎತ್ತರದಲ್ಲಿ ಹೊಸ ಕುಲುಮೆ ಏರ್ಪಟ್ಟಿತು. ಮುಂದೆ ರೇಪಾಶ್‌ಹುತಾ ಎಂಬ ಮತ್ತೊಂದು ಊರು ಹುಟ್ಟಿತು. ಇದೇ ಬೆಟ್ಟಗಳಲ್ಲಿ 1770ರಿಂದ ಹೆನ್ರಿಕ್ ಫಜೋಲ ಎಂಬ ಕಮ್ಮಾರ ನಡೆಸಿದ ಕಬ್ಬಿಣದ ಕಾರ್ಖಾನೆಗೂ ಇದ್ದಿಲು ಬೇಕಾಯಿತು. ಜಹಗೀರಿನ ಎಣಿಕೆಯಲ್ಲಿ ಹಳ್ಳಿ ಕುಲುಮೆಗೋಸ್ಕರ ಇದ್ದುದು. ಕುಲುಮೆ ಹೋದರೆ ಹಳ್ಳಿಗೆ ಕೆಲಸವಿಲ್ಲ.

ಆದರೆ ಜನರ ಎಣಿಕೆ ಬೇರೆ. ಮನೆ ಕಟ್ಟಿ, ಮಕ್ಕಳನ್ನು ಪಡೆದು, ಹಿರಿಯರನ್ನು ಹೂಳಿದ ನೆಲವನ್ನು ಅವರು ಬಿಡಲಿಲ್ಲ. ಗಾಜು ನಿಂತ ಮೇಲೆ ಬೆಟ್ಟದ ಸುಣ್ಣಕಲ್ಲೇ ಅವರಿಗೆ ಆಧಾರವಾಯಿತು. ಗೂಡುಗಳಲ್ಲಿ ಹಗಲಿರುಳು ಬೆಂಕಿ ಕಾದು ಸುಣ್ಣ ಸುಟ್ಟು, ಬಂಡಿಗಳಲ್ಲಿ ಬಯಲುಸೀಮೆಗೆ ಒಯ್ದು ಮಾರಿದರು. ಮರ ಕಡಿಯುವುದೂ ಇದ್ದಿಲು ಸುಡುವುದೂ ಉಪವೃತ್ತಿಗಳಾದುವು.

ಕಸುಬನ್ನು ಬದಲಾಯಿಸಿಕೊಂಡಷ್ಟು ಸುಲಭವಾಗಿ ನುಡಿಯನ್ನು ಕಾಪಾಡಿಕೊಳ್ಳಲಾಗಲಿಲ್ಲ. 1879ರ ಶಾಸನ ಪ್ರಾಥಮಿಕ ಶಾಲೆಗಳಲ್ಲೆಲ್ಲ ಹಂಗೇರಿಯನ್ ಭಾಷೆಯನ್ನು ಕಡ್ಡಾಯ ಪಾಠವಾಗಿ ಮಾಡಿತು. 1907ರ ಶಾಸನ ಅದನ್ನು ಇನ್ನೂ ಬಿಗಿಗೊಳಿಸಿತು. ಸ್ಲೊವಾಕ್ ನುಡಿ ಅಡುಗೆಮನೆಗೂ ಸುಣ್ಣದ ಗೂಡಿಗೂ ಉಳಿಯಿತು. 1920ರ ತ್ರಿಯನೋನ್ ಒಪ್ಪಂದದಿಂದ ಉತ್ತರದ ಬೆಟ್ಟಸೀಮೆ ಚೆಕೊಸ್ಲೊವಾಕಿಯಕ್ಕೆ ಸೇರಿತು. ಹಿರಿಯರು ಗಡಿಯಿಲ್ಲದೆ ನಡೆದುಬಂದ ದಾರಿಯಲ್ಲಿ ಈಗ ಗಡಿ ನಿಂತಿತು. 1946ರ ಫೆಬ್ರವರಿಯಲ್ಲಿ ಎರಡು ಸರ್ಕಾರಗಳೂ ಜನವಿನಿಮಯಕ್ಕೆ ಒಪ್ಪಿದುವು. ಹಂಗೇರಿಯ ಸ್ಲೊವಾಕರನ್ನು ಪೂರ್ವಿಕರ ನಾಡಿಗೆ ಬರುವಂತೆ ಕರೆಯಲಾಯಿತು. ಸುಮಾರು 73,000 ಮಂದಿ ಹೊರಟುಹೋದರು. ಇವರು ಇಚ್ಛೆಯಿಂದ ಹೋದವರು. ಅವರಿಗೆ ಪ್ರತಿಯಾಗಿ ಅತ್ತಣಿಂದ ಬಂದ ಹಂಗೇರಿಯನ್ನರಿಗಾದರೋ ಇಚ್ಛೆಯನ್ನು ಕೇಳಿದವರಿಲ್ಲ. ಎರಡು ಶತಮಾನ ಬಾಳಿದ ನೆಲ ತಾಯ್ನಾಡೋ, ಆಡುವ ನುಡಿಯ ನಾಡು ತಾಯ್ನಾಡೋ ಎಂಬ ಪ್ರಶ್ನೆಗೆ ಒಂದೊಂದು ಮನೆಯೂ ಉತ್ತರ ಕೊಡಬೇಕಾಯಿತು.

1993ರಲ್ಲಿ ಹಂಗೇರಿಯ ಶಾಸನ ಸ್ಲೊವಾಕರನ್ನು ತನ್ನ ಅಲ್ಪಸಂಖ್ಯಾತ ಜನಾಂಗಗಳಲ್ಲೊಂದಾಗಿ ಮನ್ನಿಸಿ, ಅವರಿಗೆ ಸ್ವಯಮಾಡಳಿತದ ಸಭೆಗಳನ್ನು ಒದಗಿಸಿತು. ಅಷ್ಟರಲ್ಲಿ ತಾಯ್ನುಡಿಯನ್ನು ಚೆನ್ನಾಗಿ ಬಲ್ಲವರು ಹೆಚ್ಚಾಗಿ ವೃದ್ಧರೇ ಆಗಿದ್ದರು. ಗಾಜಿಗೆ ಬದಲು ಸುಣ್ಣವನ್ನು ಹಿಡಿದು ಊರು ಬದುಕಿತು. ಕಳೆದ ನುಡಿಗೆ ಅಂಥ ಬದಲು ಸುಲಭವಾಗಿ ದೊರೆಯದು. ಕಾಡು ಕಡಿದರೂ ಬುಡದಿಂದ ಚಿಗುರೊಡೆಯಬಹುದು. ನುಡಿ ಚಿಗುರಬೇಕಾದರೆ ಅದನ್ನು ಮಕ್ಕಳೊಡನೆ ಆಡುವವರು ಬೇಕು. ರಾಜ್ಯಗಳು ಹಳ್ಳಿಗಳನ್ನು ತಮ್ಮ ಉಪಯೋಗಕ್ಕಾಗಿ ನೆಡುತ್ತವೆ. ಅಲ್ಲಿ ಬಾಳುವ ಜನರು ಅವನ್ನು ಊರುಗಳನ್ನಾಗಿ ಮಾಡುತ್ತಾರೆ. ಹೊಸ ಕುಲುಮೆ ಎಂಬ ಹಳೆಯ ಹೆಸರಿನಿಂದ ನಾವು ಗ್ರಹಿಸಬೇಕಾದ ಚರಿತ್ರೆ ಇದು.