ಶೆನಿನ್ ಬ್ಲಾಂಕ್

ಬಿಳಿ ವೈನ್ ತಯಾರಿಕೆಗೆ ಬಳಸುವ ದ್ರಾಕ್ಷಿ ತಳಿ. ಮೂಲ ಫ್ರಾನ್ಸಿನ ಲ್ವಾರ್ ನದಿಯ ಕಣಿವೆ. ಭಾರತದಲ್ಲಿ ಕಡಿಮೆ ಬೆಲೆಗೆ ಸಿಗುವ ಹಲವು ಬಿಳಿ ವೈನ್‌ಗಳು ಈ ತಳಿಯವು. ಅಗ್ಗವಾದ್ದರಿಂದ ಕೀಳು ಎಂಬ ಅಭಿಪ್ರಾಯ ಬೇರೂರಿದೆ; ತಳಿಯ ಚರಿತ್ರೆ ಅದನ್ನು ಒಪ್ಪುವುದಿಲ್ಲ.

ಹಣ್ಣು ಪೂರ್ತಿ ಮಾಗಿದರೂ ಹುಳಿ ಉಳಿಯುವುದು ಶೆನಿನ್‌ನ ದೊಡ್ಡ ಗುಣ. ಹಾಗಾಗಿಯೇ ಒಂದೇ ತಳಿಯಿಂದ ಸಿಹಿಯಿಲ್ಲದ ವೈನ್, ಸಿಹಿ ವೈನ್, ನೊರೆಯುಕ್ಕುವ ವೈನ್ ಮೂರೂ ಸಾಧ್ಯ. ಲ್ವಾರ್ ಸೀಮೆಯ ವೂವ್ರೆಯ ಒಳ್ಳೆಯ ಸಿಹಿ ವೈನ್ ದಶಕಗಟ್ಟಲೆ ಕೆಡದೆ ಇರುತ್ತದೆ.

ಇದೇ ಬಳ್ಳಿ ಹೇರಳವಾಗಿ ಫಲ ಬಿಡುತ್ತದೆ. ಗೊಂಚಲು ಕಡಿಮೆ ಮಾಡದಿದ್ದರೆ ರಸ ತೆಳುವಾಗಿ ರುಚಿ ಸಪ್ಪೆಯಾಗುತ್ತದೆ. ದಕ್ಷಿಣ ಆಫ್ರಿಕದಲ್ಲಿ ಇದಕ್ಕೆ ಸ್ಟೀನ್ ಎಂದು ಹೆಸರು. ಎರಡೂ ಒಂದೇ ತಳಿಯೆಂದು ಖಚಿತವಾದದ್ದು 1960ರ ದಶಕದಲ್ಲಿ. ಅಲ್ಲಿ 1959ರಲ್ಲಿ ಬಂದ ಲೀಬರ್‌ಸ್ಟೀನ್ ಎಂಬ ತುಸು ಸಿಹಿಯಾದ, ಅಗ್ಗದ ವೈನ್ 1964ರ ಹೊತ್ತಿಗೆ ವರ್ಷಕ್ಕೆ ಸುಮಾರು 3 ಕೋಟಿ ಲೀಟರ್ ಮಾರಾಟವಾಯಿತು. ಜನಪ್ರಿಯತೆಯ ಜೊತೆಗೇ ಅಗ್ಗದ ಮಾಲೆಂಬ ಹಣೆಪಟ್ಟಿಯೂ ಅಂಟಿತು. ಮುಂದೆ ಅದೇ ದೇಶದವರು ಹಳೆಯ ಬಳ್ಳಿಗಳಿಂದ ಕಡಿಮೆ ಇಳುವರಿ ಪಡೆದು ಉತ್ಕೃಷ್ಟ ಶೆನಿನ್ ತಯಾರಿಸಿ ತೋರಿಸಿದರು.

ಭಾರತದಲ್ಲಿ ಈ ತಳಿ ನೆಲೆಯೂರಿದ್ದು ನಾಸಿಕದಲ್ಲಿ. ರಾಜೀವ್ ಸಾಮಂತ್ ಅವರ ಸುಲಾ ಸಂಸ್ಥೆ 1997ರಲ್ಲಿ ಶೆನಿನ್ ಮತ್ತು ಸೋವಿನ್ಯೋಂ ಬ್ಲಾಂಕ್ ಬಳ್ಳಿಗಳನ್ನು ನೆಟ್ಟು, 2000ದಲ್ಲಿ ವೈನ್ ಹೊರತಂದಿತು. ಸೊಲ್ಲಾಪುರ ಜಿಲ್ಲೆಯ ಅಕಲೂಜದಲ್ಲಿ ಫ್ರಾತೆಲ್ಲಿ ಕೂಡ ಶೆನಿನ್ ತಯಾರಿಸುತ್ತದೆ.

ಮಹಾರಾಷ್ಟ್ರ-ಕರ್ನಾಟಕ ಗಡಿಯ ಕಡೆಗೆ ಬಂದರೆ, ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜ ಕಬ್ಬಿನ ಸೀಮೆ. ಪೂರ್ವಕ್ಕೆ ಸರಿದು ಮಳೆ ಕಡಿಮೆಯಾದಂತೆ ತಾಸಗಾಂವ, ಅಥಣಿ, ವಿಜಯಪುರಗಳ ದ್ರಾಕ್ಷಿ ತೋಟಗಳು ಎದುರಾಗುತ್ತವೆ. ಮಹಾರಾಷ್ಟ್ರ 2001ರಲ್ಲಿ ವೈನ್ ನೀತಿ ತಂದು ಸಾಂಗಲಿ ಜಿಲ್ಲೆಯ ಪಲೂಸದಲ್ಲಿ ವೈನ್ ಪಾರ್ಕ್ ಗುರುತಿಸಿತು. ಕರ್ನಾಟಕದ ನೀತಿ ಬಂದದ್ದು 2007ರಲ್ಲಿ. ಆದರೂ ಈ ತೋಟಗಳಲ್ಲಿ ತಿನ್ನುವ ಹಣ್ಣಿಗೂ ಒಣದ್ರಾಕ್ಷಿಗೂ ಒದಗುವ ಥಾಮ್ಸನ್ ಸೀಡ್‌ಲೆಸ್‌ನಂಥ ತಳಿಗಳದೇ ಪ್ರಾಬಲ್ಯ. ಕಾರಣ ಸರಳ: ವೈನರಿ ಕೈಬಿಟ್ಟರೆ ವೈನ್ ದ್ರಾಕ್ಷಿಗೆ ಬೇರೆ ಗಿರಾಕಿ ಸಿಗುವುದು ಕಷ್ಟ.

ಏಪ್ರಿಲ್ ಹೊತ್ತಿಗೊಂದು, ಮಳೆಗಾಲ ಮುಗಿಯುವಾಗ ಇನ್ನೊಂದು, ಹೀಗೆ ವರ್ಷಕ್ಕೆರಡು ಚಾಟ್ನಿ (ಬಳ್ಳಿ ಸವರುವುದು) ಮಾಡಿ ಬೇಸಿಗೆಗೆ ಮೊದಲೇ ಕೊಯ್ಲು ಮುಗಿಸುವುದು ದಖನ್ನಿನ ಪದ್ಧತಿ. ಇಲ್ಲಿಯ ಬಿಸಿಲಿಗೆ ಅನೇಕ ಬಿಳಿ ತಳಿಗಳು ಹುಳಿ ಕಳೆದುಕೊಂಡರೆ ಶೆನಿನ್ ಉಳಿಸಿಕೊಳ್ಳುತ್ತದೆ. ಬೆಲೆ ತಗ್ಗಿರುವುದಕ್ಕೆ ಮುಖ್ಯ ಕಾರಣ ಇಳುವರಿ, ರುಚಿಯ ಕೊರತೆಯಲ್ಲ. ತೂಕಕ್ಕಷ್ಟೇ ಹಣ ಸಿಗುವಾಗ ಗೊಂಚಲು ಕಿತ್ತು ಹಾಕೆಂದು ರೈತನಿಗೆ ಹೇಳುವುದು ನ್ಯಾಯವಲ್ಲ. ಗುಣಕ್ಕೆ ತಕ್ಕ ಬೆಲೆಯನ್ನು ವೈನರಿಗಳೇ ಕೊಡಬೇಕು.

ಭಾರತದ ಶೆನಿನ್‌ಗಳಲ್ಲಿ ತುಸು ಸಿಹಿಯವೂ ಇವೆ, ಸಿಹಿಯಿಲ್ಲದವೂ ಇವೆ. ಕೊಲ್ಲಾಪುರದ ತಾಂಬಡಾ ರಸ್ಸಾದ ಖಾರಕ್ಕೆ ಹೊಂದುವುದು ಮೊದಲನೆಯದು. ಎರಡನೆಯದು ಮೀನಿಗೆ ಸರಿ. ಎರಡನ್ನೂ ತಣ್ಣಗೆ, ಹೊಸದಿದ್ದಾಗಲೇ ಕುಡಿಯಬೇಕು.